ಆಮಿಷ ಅಂದ್ರೆ ಏನ್ರೀ?

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಯಾವುದೋ ಊರಿನ ತಗಡಿನ ಶೆಡ್ಡಿನಲ್ಲಿ ಹತ್ತು ಜನ ಕೂತು ಏಸುವಿನ ಪ್ರಾರ್ಥನೆ ಮಾಡಿದರೆ, ಬೆಂಗಳೂರಿನ ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪಿನಲ್ಲಿ ಅದಕ್ಕೆ ಉತ್ತರ ಸಿದ್ಧ ಇರುತ್ತೆ: ಫಾರಿನ್ ದುಡ್ಡು, ಅಕ್ಕಿ ಮೂಟೆ, ಪಾದ್ರಿಯ ಮೋಡಿ. ಮಾತೆಲ್ಲ ಬೋಧಕನ ಸುತ್ತವೇ. ಕೂತು ಕೇಳಿದ ಹತ್ತು ಜನಕ್ಕೆ ತಲೆ ಅನ್ನೋದು ಇದೆ ಅಂತ ಯಾರಿಗೂ ಹೊಳೆಯೋದೇ ಇಲ್ಲ.

ಸರಿ, ಬೋಧಕನಿಂದಲೇ ಶುರು ಮಾಡೋಣ. ವಿಲಿಯಂ ಟೇಲರ್ ಅಂತ ಒಬ್ಬ ಅಮೆರಿಕನ್ ಇದ್ದ. ಹುಟ್ಟಿದ್ದು 1821ರಲ್ಲಿ, ವರ್ಜೀನಿಯಾದಲ್ಲಿ. 1849ರಲ್ಲಿ ಚಿನ್ನದ ಹುಚ್ಚು ಹತ್ತಿದ್ದ ಸ್ಯಾನ್‌ಫ್ರಾನ್ಸಿಸ್ಕೋಗೆ ಹೋಗಿ, ಜೂಜುಕೋರರ ನಡುವೆ ಬೀದಿಯಲ್ಲೇ ನಿಂತು ಉಪದೇಶ ಮಾಡಿದವನು. ಆಮೇಲೆ ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ ಸುತ್ತಿ 1870ರಲ್ಲಿ ಭಾರತಕ್ಕೆ ಬಂದ. ಲಖನೌ, ಬೊಂಬಾಯಿ, ಕಲಕತ್ತೆ, ಮದ್ರಾಸು, ಬೆಂಗಳೂರು. ಎಲ್ಲಿ ನಿಂತರೂ ಜನ ಸೇರುತ್ತಿದ್ದರು, ಅಳುತ್ತಿದ್ದರು, ಮನಸ್ಸು ಬದಲಾಯಿತು ಅನ್ನುತ್ತಿದ್ದರು. ಉಜ್ಜೀವನ ಸಭೆ ಅನ್ನೋದು ಇದಕ್ಕೇ.

ವಾಟ್ಸಾಪ್ ಗುಂಪಿಗೆ ಒಗ್ಗದ ವಿಷಯ ಏನಂದ್ರೆ, ಟೇಲರ್‌ನ ಹಠವೇ ಫಾರಿನ್ ದುಡ್ಡು ಬೇಡ ಅನ್ನೋದು. ಊರಿನ ಸಭೆಯನ್ನು ಊರಿನವರೇ ಸಾಕಬೇಕು, ಸಂತ ಪೌಲ ಹಾಗೇ ಮಾಡಿದ್ದ, ಅಮೆರಿಕದ ಮಿಷನ್ ಬೋರ್ಡಿನ ಸಂಬಳ ಬೇಡ ಅಂತ ಬೋರ್ಡಿನ ಜೊತೆ ಜಗಳಕ್ಕೇ ಬಿದ್ದ. ತನ್ನ ಖರ್ಚಿಗೆ ತಾನು ಬರೆದ ಪುಸ್ತಕಗಳನ್ನು ತಾನೇ ಮಾರುತ್ತಿದ್ದ. ಇದು ದೊಡ್ಡ ಆದರ್ಶವೂ ಹೌದು, ಮೊಂಡುತನವೂ ಹೌದು. ಮುಂದೆ 1884ರಲ್ಲಿ ಆಫ್ರಿಕಾದ ಬಿಷಪ್ ಆಗಿ ಇದೇ ಸೂತ್ರ ಹಿಡಿದು ಅಂಗೋಲಾಕ್ಕೆ ಜನರನ್ನು ಕರೆದುಕೊಂಡು ಹೋದಾಗ ಅವರಲ್ಲಿ ಹಲವರು ಜ್ವರಕ್ಕೆ ಸತ್ತರು.

ಇನ್ನೊಂದು ಮಾತು. ಇಲ್ಲಿ ಅವನ ಸಭೆಗೆ ಬಂದವರು ಬಹುಪಾಲು ಇಂಗ್ಲಿಷ್ ಬಲ್ಲವರು: ಆಂಗ್ಲೋ-ಇಂಡಿಯನ್ನರು, ರೈಲ್ವೆಯವರು, ಸಿಪಾಯಿಗಳು. ಅವನಿಗೆ ಕನ್ನಡ ಬರುತ್ತಿರಲಿಲ್ಲ. 1875ರಲ್ಲಿ ಗಂಟುಮೂಟೆ ಕಟ್ಟಿ ಹೊರಟೇ ಹೋದ. ಅವನು ಹೋದ ಮರುವರ್ಷ, ಅವನ ಸಭೆಗಳಿಂದ ಹುಟ್ಟಿದ ಮೆಥಡಿಸ್ಟ್ ಗುಂಪು ದಕ್ಷಿಣ ಭಾರತ ಕಾನ್ಫರೆನ್ಸ್ ಆಯಿತು. ಮುಂದೆ ಅದೇ ಸಭೆ ನಿಜಾಮನ ರಾಜ್ಯದೊಳಕ್ಕೆ, ಕಲಬುರಗಿ-ಬೀದರಿನ ಕನ್ನಡದ ಹಳ್ಳಿಗಳಿಗೆ ನಡೆಯಿತು. ಆ ಭಾಗದಲ್ಲಿ ಇವತ್ತಿಗೂ ಪ್ರೊಟೆಸ್ಟೆಂಟ್ ಚರ್ಚು ಅಂದ್ರೆ ಹೆಚ್ಚಾಗಿ ಮೆಥಡಿಸ್ಟೇ. ಅಂದ್ರೆ ಮೋಡಿ ಹಾಕಿದ ಅನ್ನೋ ಬಿಳಿಯ ನಾಕೈದು ವರ್ಷಕ್ಕೇ ಮಾಯ. ನೂರು ವರ್ಷ ಅದನ್ನು ಉಳಿಸಿಕೊಂಡವರು ದಲಿತ ಕೇರಿಯ ಜನ.

ಹಾಗಾದ್ರೆ ಫಾರಿನ್ ದುಡ್ಡು ಬರಲೇ ಇಲ್ವಾ? ಬಂತು. ಓಹಿಯೋದ ಜಾನ್ ಬಾಲ್ಡ್‌ವಿನ್ ಕೊಟ್ಟ ಹಣದಿಂದ ಬೆಂಗಳೂರಿನ ರಿಚ್ಮಂಡ್ ಟೌನಿನ ಇಂಗ್ಲಿಷ್ ಶಾಲೆಗೆ ಅವನ ಹೆಸರು ಬಂತು. 1880ರ ಶಾಲೆ ಅದು. ಅಲ್ಲಿ ಮಗುವಿಗೆ ಸೀಟು ಸಿಕ್ಕರೆ ನಾವು ಪೇಢೆ ಹಂಚುತ್ತೇವೆ. ಅದನ್ನು ಯಾರೂ ಆಮಿಷ ಅಂದಿಲ್ಲ.

ಆಮಿಷ ಅಂದ್ರೆ ಏನು ಅಂತ 2022ರ ಕರ್ನಾಟಕದ ಮತಾಂತರ ಕಾಯ್ದೆ ಬಿಡಿಸಿ ಹೇಳುತ್ತೆ. ಉಡುಗೊರೆ, ಹಣ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಮದುವೆಯ ಮಾತು. ಇಷ್ಟೇ ಅಲ್ಲ, 'ಉತ್ತಮ ಜೀವನಶೈಲಿ'ಯ ಭರವಸೆಯೂ ಆಮಿಷವೇ! ಉತ್ತಮ ಜೀವನಶೈಲಿಗಾಗಿ ಕಲಬುರಗಿಯಿಂದ ರಾತ್ರಿ ಬಸ್ಸು ಹತ್ತಿ ಬಂದು ಮಾರತ್ತಹಳ್ಳಿಯಲ್ಲಿ ಪಿಜಿ ಹಿಡಿದ ನಮ್ಮಂಥೋರು ಇದನ್ನು ಓದಿ ಸ್ವಲ್ಪ ನಾಚಬೇಕು. ಒಂದು ಧರ್ಮದ ಆಚರಣೆಯನ್ನು ಇನ್ನೊಂದರ ಎದುರು ಕೀಳಾಗಿ ತೋರಿಸುವುದೂ ಆಮಿಷವಂತೆ. ಹಂಗಾದ್ರೆ ಕಡಕೋಳ ಮಡಿವಾಳಪ್ಪನ ಮೇಲೆ ಎಷ್ಟು ಕೇಸು ಹಾಕ್ತೀರಿ? ಅಫಜಲಪುರದ ಬಿದನೂರಿನಲ್ಲಿ ಹುಟ್ಟಿ, ಜೇವರ್ಗಿ ಸೀಮೆಯ ಕಡಕೋಳದಲ್ಲಿ ನೆಲೆಸಿ, ಡಾಂಭಿಕರನ್ನು ತತ್ವಪದಗಳಲ್ಲಿ ಉಗಿದವನು ಅವನು. ಶಿಷ್ಯರಲ್ಲಿ ಚೆನ್ನೂರಿನ ಜಲಾಲಸಾಬ ಮುಸಲ್ಮಾನ, ಖೈನೂರಿನ ಕೃಷ್ಣಪ್ಪ ಬ್ರಾಹ್ಮಣ. ಊರೂರು ಅಲೆಯುವ ಬೋಧಕನ ಮಾತು ಕೇಳಿ, ಹಿಡಿಸಿದರೆ ಗುರು ಅನ್ನೋದು, ಹಿಡಿಸದಿದ್ದರೆ ಎದ್ದು ಹೋಗೋದು, ಇದು ಟೇಲರ್ ಬರುವ ಮೊದಲೇ ಆ ನೆಲಕ್ಕೆ ಗೊತ್ತಿದ್ದ ವಿದ್ಯೆ. ಆಳಂದದ ಲಾಡ್ಲೆ ಮಶಾಯಕ್ ದರ್ಗಾಕ್ಕೆ ಯಾರು ಯಾರು ಹರಕೆ ಹೊರುತ್ತಾರೆ, ಹೋಗಿ ನೋಡಿ ಬನ್ನಿ.

ಇವತ್ತಿನ ಪವಾಡದ ಪಾಸ್ಟರುಗಳನ್ನು ನಾನು ಸಮರ್ಥಿಸುತ್ತಿಲ್ಲ. ಕ್ಯಾನ್ಸರ್ ವಾಸಿ ಮಾಡ್ತೀನಿ ಅಂತ ಮೈಕು ಹಿಡಿಯುವವನಿಗೆ ಕಪಾಳಕ್ಕೆ ಬಿಡಬೇಕು ಅನ್ನಿಸುತ್ತೆ. ಆದರೆ ಗಾಣಗಾಪುರದಲ್ಲಿ ದೆವ್ವ ಬಿಟ್ಟರೆ ನಂಬಿಕೆ, ಶೆಡ್ಡಿನಲ್ಲಿ ಬಿಟ್ಟರೆ ಮೋಸ ಅಂದ್ರೆ ಹೆಂಗೆ?

ನಿಜವಾದ ಆಮಿಷ ಎಲ್ಲಿದೆ ಗೊತ್ತಾ? 1950ರ ಪರಿಶಿಷ್ಟ ಜಾತಿಗಳ ಆದೇಶದಲ್ಲಿ. ಹಿಂದೂ ಆಗಿದ್ದರೆ ಮೀಸಲಾತಿ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತನಾದರೆ ಪರಿಶಿಷ್ಟ ಜಾತಿಯ ಸರ್ಟಿಫಿಕೇಟು ಹೋಯಿತು. ಊರಲ್ಲಿ ಜಾತಿ ಮಾತ್ರ ಹೋಗಲ್ಲ, ಕೇರಿ ಅದೇ, ಹೋಟೆಲಿನ ಲೋಟ ಅದೇ. ಹಾಗಾಗಿ ಭಾನುವಾರ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು. ನಂಬಿಕೆ ಬದಲಿಸಬೇಡ ಅಂತ ಸರ್ಕಾರವೇ ಸೀಟು, ನೌಕರಿ ಮುಂದಿಟ್ಟುಕೊಂಡು ಕೂತಿದೆ. ಇದಕ್ಕೆ ಯಾವ ಕಲಮು ಹಾಕೋಣ?

2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಆ ಮತಾಂತರ ಕಾಯ್ದೆ ರದ್ದು ಮಾಡಲು ತೀರ್ಮಾನಿಸಿತು. ತೀರ್ಮಾನಿಸಿತು ಅಂತ ಅಷ್ಟೇ ಹೇಳಿದೆ, ನೋಡಿ. ನಮಗೆ ಕಂಪನಿ ಬಿಡಲು ನೋಟಿಸ್ ಪೀರಿಯಡ್ ಇದ್ದ ಹಾಗೆ, ಆ ಕಾಯ್ದೆಯ ಪ್ರಕಾರ ದೇವರನ್ನು ಬದಲಿಸುವವರಿಗೂ 30 ದಿನದ ನೋಟಿಸ್ ಇದೆ. ಅರ್ಜಿ ಹೋಗಬೇಕಾದ್ದು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ. ಅದನ್ನು ಅವರ ಕಚೇರಿಯಲ್ಲೂ ತಹಸೀಲ್ದಾರ್ ಕಚೇರಿಯಲ್ಲೂ ಪ್ರಕಟಿಸಿ ಆಕ್ಷೇಪಣೆ ಕರೆಯುತ್ತಾರೆ. ಜೇವರ್ಗಿಯ ಕೂಲಿ ಹೆಂಗಸೊಬ್ಬಳ ಹೆಸರು ಆ ಬೋರ್ಡಿನಲ್ಲಿದ್ದರೆ ಮೊದಲು ಓದುವವನು ಯಾರಿರಬಹುದು, ಅವಳು ಯಾರ ಹೊಲಕ್ಕೆ ಕೂಲಿಗೆ ಹೋಗ್ತಾಳೋ ಅವನೇ ಅಲ್ವಾ?