ಶಾಲೆ ಉಳಿಯಲು ಕೆಲವು ಸಣ್ಣ ಉಪಾಯಗಳು

ಜೂನ್ ಮೊದಲಿಗೆ ಶಾಲೆ ತೆರೆಯುತ್ತದೆ. ಹೆಚ್ಚುಕಡಿಮೆ ಅದೇ ವಾರ ನಮ್ಮ ಕಾಸರಗೋಡಿನಲ್ಲಿ ಮಳೆಯೂ ಹಿಡಿಯುತ್ತದೆ. ಆರನೇ ಕೆಲಸದ ದಿನ ಮಕ್ಕಳ ತಲೆಯೆಣಿಕೆ. ಡಿವಿಷನ್ ಎಷ್ಟು, ಅಧ್ಯಾಪಕರ ಹುದ್ದೆ ಎಷ್ಟು ಎಂಬುದೆಲ್ಲ ಆ ಲೆಕ್ಕದ ಮೇಲೆ ನಿಂತಿರುತ್ತದೆ ಎಂಬುದು ಕನ್ನಡ ಮಾಧ್ಯಮದವರಿಗೆ ಹೇಳಿಕೊಡಬೇಕಾದ ವಿಷಯವಲ್ಲ.

ಪ್ರತಿ ನವೆಂಬರ್ 1ರಂದು ನಾವು 1956ನ್ನು ನೆನೆಯುತ್ತೇವೆ, ಕನ್ನಡ ಉಳಿಯಬೇಕೆಂದು ಭಾಷಣ ಮಾಡುತ್ತೇವೆ. ನಾವೂ ಮಾಡಿದವರೇ. ಆದರೆ ಟಿ.ಸಿ. ಕೇಳಲು ಬಂದ ಹೆತ್ತವರನ್ನು ಕೂರಿಸಿ, ಒಂದು ಲೋಟ ಚಾ ಕೊಟ್ಟು ಮಾತಾಡಿಸಿದರೆ ಬೇರೆಯೇ ಸಂಗತಿ ಹೊರಬರುತ್ತದೆ. ಮಳೆಗಾಲದಲ್ಲಿ ಸಮವಸ್ತ್ರ ಒಣಗದೆ ಮಗು ವಾರಕ್ಕೆ ಎರಡು ದಿನ ಮನೆಯಲ್ಲೇ ಉಳಿಯಿತು, ಪಾಠ ತಪ್ಪಿತು. ಅಣ್ಣ ಪ್ಲಸ್ ವನ್‌ಗೆ ಹೋಗಿ ವಿಜ್ಞಾನದ ಇಂಗ್ಲಿಷ್ ಪದ ತಿಳಿಯದೆ ಹಿಂದೆ ಬಿದ್ದ. ಅಕ್ಕನ ಅರ್ಜಿ ಫೋಟೋ ಸರಿಯಿಲ್ಲವೆಂದು ವಾಪಸು ಬಂತು. ಇವೆಲ್ಲ ಸೇರಿ "ಕನ್ನಡದಲ್ಲಿ ಕಲಿತರೆ ಕಷ್ಟ ಸರ್" ಎಂಬ ಒಂದು ಮಾತಾಗುತ್ತದೆ. ಇದರಲ್ಲಿ ಕನ್ನಡದ ತಪ್ಪು ಎಷ್ಟು? ಬಹಳ ಕಡಿಮೆ. ಹೇಳಿಕೊಡುವವರು ಇಲ್ಲದ್ದೇ ತಪ್ಪು. ಆದ್ದರಿಂದ ಈ ಸಲ ಭಾಷಣ ಬದಿಗಿರಲಿ. ನಮಗೆ ಅನುಭವದಿಂದ ಗೊತ್ತಾದ ಕೆಲವು ಉಪಾಯಗಳನ್ನು ಬರೆಯುತ್ತೇವೆ.

ಮೊದಲು ಬಟ್ಟೆ. ಸರಕಾರಿ ಶಾಲೆಯ ಸಣ್ಣ ತರಗತಿಗಳಿಗೆ 2017ರಿಂದ ಕೈಮಗ್ಗದ ಸಮವಸ್ತ್ರದ ಬಟ್ಟೆ ಉಚಿತವಾಗಿ ಸಿಗುತ್ತಿದೆ. ಒಳ್ಳೆಯ ಬಟ್ಟೆ, ಆದರೆ ಒಣಗಲು ಹೊತ್ತು ಬೇಕು. ಹಿಂಡಿದ ಮೇಲೆ ಒಂದು ಒಣ ಬೈರಾಸಿನೊಳಗೆ ಸುತ್ತಿ ಮತ್ತೊಮ್ಮೆ ಹಿಂಡಿ, ಅರ್ಧ ನೀರು ಬೈರಾಸಿಗೆ ಹೋಗುತ್ತದೆ. ಆಮೇಲೆ ಒಳಮೈ ಹೊರಗೆ ಮಾಡಿ, ಗಾಳಿಯಾಡುವ ಕಡೆ ಅಥವಾ ಫ್ಯಾನಿನ ಕೆಳಗೆ ಎರಡು ಬಟ್ಟೆಗಳ ನಡುವೆ ಗೇಣು ಜಾಗ ಬಿಟ್ಟು ಹಾಕಿ. ಒಲೆಯ ಮೇಲಿನ ಹಗ್ಗಕ್ಕೆ ಹಾಕಿದರೆ ಒಣಗುತ್ತದೆ ನಿಜ, ಆದರೆ ಹೊಗೆಯ ವಾಸನೆಗೆ ಪಕ್ಕದ ಮಗು ಮೂಗು ಮುಚ್ಚುತ್ತದೆ, ನಮ್ಮ ಮಗು ನಾಳೆ ಶಾಲೆಗೆ ಬರುವುದಿಲ್ಲ. ಮಳೆಗಾಲಕ್ಕೆ ಶೂ ಬೇಡ, ಅಡಿ ಜಾರದ ರಬ್ಬರು ಚಪ್ಪಲಿ ಸಾಕು. ಒದ್ದೆ ಶೂವಿನಲ್ಲಿ ದಿನವಿಡೀ ಕೂತರೆ ಬೆರಳ ಸಂದಿ ಹುಣ್ಣಾಗುತ್ತದೆ. ಅಧ್ಯಾಪಕರಿಗೂ ಒಂದು ಮಾತು: ಜೂನ್, ಜುಲೈ ತಿಂಗಳಲ್ಲಿ ಬಣ್ಣದ ಅಂಗಿ ಹಾಕಿ ಬಂದ ಮಗುವನ್ನು ಎದ್ದು ನಿಲ್ಲಿಸಬೇಡಿ. ಬಂದಿದೆಯಲ್ಲ, ಅಷ್ಟು ಸಾಕು.

ಇನ್ನು ಚೀಲ. 2020ರ ಶಾಲಾ ಚೀಲ ನೀತಿಯ ಪ್ರಕಾರ ಚೀಲದ ತೂಕ ಮಗುವಿನ ತೂಕದ ಹತ್ತರಲ್ಲಿ ಒಂದು ಪಾಲು ಮೀರಬಾರದು. ಮೂವತ್ತು ಕಿಲೋದ ಮಗುವಿಗೆ ಮೂರು ಕಿಲೋ ಎಂದಾಯಿತು. ತುಂಬಿದ ಒಂದು ಲೀಟರ್ ಬಾಟಲಿಯೇ ಒಂದು ಕಿಲೋ ದಾಟುತ್ತದೆ, ಹಾಗಾಗಿ ಶಾಲೆಯಲ್ಲಿ ಕುಡಿಯುವ ನೀರಿದ್ದರೆ ಬಾಟಲಿ ಖಾಲಿ ಬರಲಿ. ನಮ್ಮ ಪಠ್ಯಪುಸ್ತಕಗಳು ಭಾಗ ಭಾಗವಾಗಿ ಬರುತ್ತವೆ, ಮುಗಿದ ಭಾಗ ಮನೆಯಲ್ಲಿರಲಿ. ಪುಸ್ತಕಗಳನ್ನು ಮೊದಲು ದಪ್ಪ ಪ್ಲಾಸ್ಟಿಕ್ ಕವರಿಗೆ ಹಾಕಿ ಆಮೇಲೆ ಚೀಲಕ್ಕೆ ಇಡಿ, ಏಕೆಂದರೆ ಮಳೆ ನಿಲ್ಲದ ಚೀಲ ಎಂದು ಅಂಗಡಿಯವರು ಹೇಳಿದ್ದು ನಮ್ಮ ಆಟಿಯ ಮಳೆಗೆ ನಿಲ್ಲುವುದಿಲ್ಲ. ತಂಪು ಹಿಡಿದ ಕಾಗದದಲ್ಲಿ ಶಾಯಿ ಪೆನ್ನು ಹರಡುತ್ತದೆ, ಬಾಲ್ ಪೆನ್ನೇ ಒಳ್ಳೆಯದು. ಕೊಡೆಯ ಹಿಡಿಗೆ ಮಗುವಿನ ಹೆಸರು ಬರೆದು ಅಂಟಿಸಿ, ಕನ್ನಡದಲ್ಲೇ ಬರೆಯಿರಿ.

ಫೋಟೋದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮಲ್ಲಿ ಕಲಿತ ಹುಡುಗನೊಬ್ಬ ಕನ್ನಡ ಮತ್ತು ಮಲಯಾಳ ಎರಡೂ ಬಲ್ಲವರಿಗೆಂದೇ ಇರುವ ಕ್ಲಾರ್ಕ್ ಹುದ್ದೆಗೆ ಅರ್ಜಿ ಹಾಕಿದ. ನಮ್ಮ ಮಕ್ಕಳಿಗೆ ಇಂಥ ಹುದ್ದೆಗಳು ಎಷ್ಟು ಮುಖ್ಯ ಎಂದು ಬೇರೆ ಹೇಳಬೇಕಿಲ್ಲ. ಕೇರಳ ಪಿ.ಎಸ್.ಸಿ.ಗೆ ಕೊಡುವ ಫೋಟೋದ ಕೆಳಗೆ ಅಭ್ಯರ್ಥಿಯ ಹೆಸರು ಮತ್ತು ಫೋಟೋ ತೆಗೆದ ತಾರೀಕು ಮುದ್ರಿತವಾಗಿರಬೇಕು. ಅವನ ಫೋಟೋದಲ್ಲಿ ತಾರೀಕು ಇರಲಿಲ್ಲ. ಗೊತ್ತಾಗುವಾಗ ಹೊತ್ತು ಮೀರಿತ್ತು. ಹತ್ತು ವರ್ಷ ಅವನಿಗೆ ಪಾಠ ಹೇಳಿದ ನಾವು ಒಂದು ದಿನ ಇದನ್ನು ಹೇಳಿರಲಿಲ್ಲ! ತಪ್ಪು ನಮ್ಮದೇ.

ಅಂದಿನಿಂದ ಹತ್ತನೇ ತರಗತಿಯವರಿಗೆ ವರ್ಷಕ್ಕೊಂದು ಪೀರಿಯಡ್ ಇದಕ್ಕೇ ಇಡುತ್ತಿದ್ದೇವೆ. ಮೋಡದ ದಿನ, ಶಾಲೆಯ ಜಗಲಿ, ಬಿಳಿ ಗೋಡೆ ಇಷ್ಟಿದ್ದರೆ ಸಾಮಾನ್ಯ ಮೊಬೈಲಿನಲ್ಲೇ ಒಳ್ಳೆಯ ಫೋಟೋ ಬರುತ್ತದೆ. ಬೆಳಕು ಮುಖದ ಮೇಲೆ ಬೀಳಬೇಕು, ಬೆನ್ನಿಗಲ್ಲ. ಬಿಳಿ ಗೋಡೆಯ ಎದುರು ಬಿಳಿ ಅಂಗಿ ಹಾಕಿದರೆ ಹೆಗಲು ಗೋಡೆಯಲ್ಲಿ ಕರಗಿಹೋಗುತ್ತದೆ, ಗಾಢ ಬಣ್ಣದ ಅಂಗಿ ಇರಲಿ. ಫ್ಲಾಶ್ ಬೇಡ, ಝೂಮ್ ಬೇಡ, ಬೇಕಾದರೆ ಎರಡು ಹೆಜ್ಜೆ ಮುಂದೆ ಬನ್ನಿ. ತೆಗೆಯುವ ಮೊದಲು ಲೆನ್ಸನ್ನು ಮೆತ್ತಗಿನ ಹತ್ತಿ ಬಟ್ಟೆಯಿಂದ ಒರೆಸಿ, ಮಳೆಗಾಲದ ಅರ್ಧ ಮಸುಕು ಅಲ್ಲೇ ಹೋಗುತ್ತದೆ. ಪ್ರಮಾಣಪತ್ರದ ಫೋಟೋ ಬೇಕಿದ್ದರೆ ಅದನ್ನು ಬಾಗಿಲ ಬಳಿ ನೆಲದಲ್ಲಿ ಚಪ್ಪಟೆಯಾಗಿ ಇಟ್ಟು ನೇರ ಮೇಲಿನಿಂದ ತೆಗೆಯಿರಿ, ನಿಮ್ಮ ನೆರಳು ಬೀಳದಂತೆ ನೋಡಿ. ಗೈರುಹಾಜರಾದ ಗೆಳೆಯನಿಗಾಗಿ ಕರಿಹಲಗೆಯ ಫೋಟೋ ತೆಗೆಯುವುದಾದರೆ ಅಧ್ಯಾಪಕರ ಮೊಬೈಲಿನಲ್ಲೇ ಆಗಲಿ.

ಕೊನೆಗೆ ಓದು. ಇನ್ನೂರು ಪುಟದ ಒಂದು ನೋಟುಪುಸ್ತಕಕ್ಕೆ ಮೂರು ಕಾಲಂ ಹಾಕಿಸಿ: ಕನ್ನಡ, ಇಂಗ್ಲಿಷ್, ಮಲಯಾಳ. ದ್ಯುತಿಸಂಶ್ಲೇಷಣೆ, ಫೋಟೋಸಿಂಥೆಸಿಸ್, ಪ್ರಕಾಶಸಂಶ್ಲೇಷಣಂ. ಎಂಟನೇ ತರಗತಿಯಿಂದ ದಿನಕ್ಕೆ ಎರಡೇ ಪದ ಬರೆದರೂ ಹತ್ತು ಮುಗಿಯುವಾಗ ಸಾವಿರ ದಾಟುತ್ತದೆ. ಕನ್ನಡದಲ್ಲಿ ಅರ್ಥ ತಿಳಿದ ಮಗುವಿಗೆ ಪ್ಲಸ್ ವನ್‌ನಲ್ಲಿ ಕಲಿಯಬೇಕಾದ್ದು ಪದ ಮಾತ್ರ, ಅರ್ಥವೇ ತಿಳಿಯದೆ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ ಮಗುವಿಗೆ ಎರಡೂ ಬಾಕಿ. ಪುಸ್ತಕ ಬರುವುದು ತಡವಾದರೆ ಕಾಯುತ್ತ ಕೂರಬೇಡಿ, ಕೇರಳ ಎಸ್.ಸಿ.ಇ.ಆರ್.ಟಿ.ಯ ತಾಣದಲ್ಲಿ ಕನ್ನಡ ಮಾಧ್ಯಮದ ಪಠ್ಯಗಳು ಪಿ.ಡಿ.ಎಫ್. ರೂಪದಲ್ಲಿ ಸಿಗುತ್ತವೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯ ಮೊದಲ ಹದಿನೈದು ನಿಮಿಷ ಪ್ರಶ್ನೆಪತ್ರಿಕೆ ಓದಲೆಂದೇ ಇರುವುದು. ಅನುವಾದದಲ್ಲಿ ತೊಡಕಾದ ವಾಕ್ಯಗಳನ್ನು ಎರಡು ಸಲ ಓದಲು ನಮ್ಮ ಮಕ್ಕಳಿಗೆ ಈ ಸಮಯ ಉಳಿದವರಿಗಿಂತ ಹೆಚ್ಚು ಬೇಕು. ಮನೆಯಲ್ಲಿ ಗಡಿಯಾರ ಇಟ್ಟು ಅಭ್ಯಾಸ ಮಾಡಿಸಿ.

ಇವು ಯಾವುವೂ ದೊಡ್ಡ ಸಂಗತಿಗಳಲ್ಲ. ಪೇಟೆಯ ದೊಡ್ಡ ಶಾಲೆಯವರು ಇಂಥದ್ದನ್ನೆಲ್ಲ ಅಚ್ಚು ಹಾಕಿಸಿ ಹೆತ್ತವರ ಕೈಗೆ ಕೊಡುತ್ತಾರೆ, ಇಂಗ್ಲಿಷಿನಲ್ಲಿ. ನಮ್ಮ ಹೆತ್ತವರಿಗೆ ಕನ್ನಡದಲ್ಲಿ ಹೇಳಬೇಕಾದವರು ನಾವಲ್ಲದೆ ಬೇರೆ ಯಾರಿದ್ದಾರೆ? ಭಾಷೆಯ ಮೇಲಿನ ಅಭಿಮಾನದಿಂದ ಒಂದನೇ ತರಗತಿಗೆ ಮಗು ಬರಬಹುದು. ಅದು ಹತ್ತರವರೆಗೆ ಉಳಿಯುವುದು ಒಣಗಿದ ಅಂಗಿಯಿಂದ, ಸರಿಯಾದ ಅರ್ಜಿಯಿಂದ, ಗೊತ್ತಿರುವ ಪದದಿಂದ ಎಂಬುದು ನಮ್ಮ ಅಭಿಪ್ರಾಯ.

ಮುಂದಿನ ಪಿ.ಟಿ.ಎ. ಸಭೆಯಲ್ಲಿ ಅರ್ಧ ಗಂಟೆ ಇದಕ್ಕೆ ಕೊಡಿ. ನಿಮ್ಮ ಮನೆಯ ಉಪಾಯವನ್ನೂ ಅಲ್ಲಿ ಹೇಳಿ. ಆರನೇ ದಿನ ಬರುವ ಮೊದಲೇ ಹೇಳಿದರೆ ಒಳ್ಳೆಯದು.