ಅಂಗವಿಕಲ ಸೋದರಿಯರೂ ಈಜುಗೊಳವೂ

ಪ್ಯಾರಾಲಿಂಪಿಕ್ ಕೂಟದ ಸ್ತ್ರೀಯರ 50 ಮೀಟರ್ ಫ್ರೀಸ್ಟೈಲ್ ಈಜಿನಲ್ಲಿ ಕರುಣೆಗೆ ಎಡೆಯಿಲ್ಲ. ಅಂಧರ ವರ್ಗದಲ್ಲಿ ಎಲ್ಲರ ಕಣ್ಣಿಗೂ ಕಪ್ಪು ಕನ್ನಡಕ. ಗೋಡೆ ಸಮೀಪಿಸಿತೆಂಬುದನ್ನು ದಡದ ಸಹಾಯಕರು ಕೋಲಿನ ತುದಿಯಿಂದ ಮುಟ್ಟಿ ತಿಳಿಸುವರು. ನಿಂತು ಧುಮುಕಲಾರದವರು ನೀರಿನೊಳಗಿಂದಲೇ ಹೊರಡಬಹುದು. ಅನಂತರ ತೀರ್ಪು ಗಡಿಯಾರದ್ದು.

ಈ ವಿದ್ಯೆ ಭಾರತಕ್ಕೆ ಹೊಸತಲ್ಲ. 1965ರ ಯುದ್ಧದಲ್ಲಿ ಗುಂಡೇಟು ತಿಂದ ಯೋಧ ಮುರಳಿಕಾಂತ ಪೇಟ್ಕರರು 1972ರಲ್ಲಿ ಹೈಡೆಲ್‌ಬರ್ಗಿನಲ್ಲಿ ಪುರುಷರ 50 ಮೀಟರ್ ಪಂದ್ಯವನ್ನೇ ಗೆದ್ದು ಚಿನ್ನ ತಂದರು. ಬೆಂಗಳೂರಿನ ಶರತ್ ಗಾಯಕವಾಡರು 2012ರಲ್ಲಿ ಲಂಡನ್ನಿನಲ್ಲಿ ಈಜಿದರು. 2014ರ ಏಷ್ಯನ್ ಪ್ಯಾರಾ ಕೂಟದಿಂದ ಆರು ಪದಕಗಳೊಡನೆ ಮರಳಿದರು. 2021ರಲ್ಲಿ ಟೋಕಿಯೋದಲ್ಲಿ ಭಾರತದ ಪರವಾಗಿ ಈಜಿದವರು ಇಬ್ಬರು. ಅವರಲ್ಲಿ ನಿರಂಜನ ಮುಕುಂದನ್ ನಮ್ಮ ನಾಡಿನವರೆಂಬುದು ಹೆಮ್ಮೆಯ ಸಂಗತಿ. ಆದರೆ ಇಬ್ಬರೂ ಪುರುಷರು. ನಮ್ಮ ಸೋದರಿಯರೆಲ್ಲಿ?

ಈ ಪ್ರಶ್ನೆಯನ್ನು ದೆಹಲಿಗೆ ರವಾನಿಸಿ ಮಂಗಳೂರಿಗರು ಕೈತೊಳೆದುಕೊಳ್ಳುವಂತಿಲ್ಲ. ಒಂದು ಕಡಲು, ಎರಡು ನದಿಗಳ ಊರಿದು. ಆದರೂ ಕುಂಟುವ ಮಗಳನ್ನು ನೀರಿಗಿಳಿಸಲು ತಾಯಂದಿರು ಅಂಜುವರು. ಆ ಅಂಜಿಕೆಯನ್ನು ನಾವು ಹಳಿಯೆವು. ಅದನ್ನು ನೀಗಿಸುವ ಹೊಣೆ ಸಾರ್ವಜನಿಕ ಸಂಸ್ಥೆಗಳದ್ದು. ಎಮ್ಮೆಕೆರೆಯಲ್ಲಿ 2023ರಲ್ಲಿ ತೆರೆದ ಕೊಳವು ಅಂತರರಾಷ್ಟ್ರೀಯ ಮಟ್ಟದ್ದು, ಪ್ರಜೆಗಳ ಹಣದಿಂದಾದುದು. ಅಂಗವಿಕಲರ ಕ್ರೀಡೆಗೆ ಅನುಕೂಲ ಕಲ್ಪಿಸುವುದು ಸರಕಾರದ ಕರ್ತವ್ಯವೆಂದು 2016ರ ಕಾನೂನು ವಿಧಿಸಿದೆ. ಇದು ಭಿಕ್ಷೆಯಲ್ಲ, ಹಕ್ಕು.

ಗಾಲಿಕುರ್ಚಿ ನೀರಿನ ಅಂಚಿಗೆ ಬರುವ ದಾರಿ, ವಾರದಲ್ಲಿ ನಿಶ್ಚಿತ ವೇಳೆ, ತರಬೇತಿ ಪಡೆದ ಶಿಕ್ಷಕಿಯೊಬ್ಬರು: ಈ ಮೂರನ್ನು ಖಾತರಿಪಡಿಸಿ, ವೇಳಾಪಟ್ಟಿಯನ್ನು ಜಿಲ್ಲೆಯ ವಿಶೇಷ ಶಾಲೆಗಳಿಗೆಲ್ಲ ಕಳುಹಿಸಬೇಕೆಂದು ಅಧಿಕಾರಿಗಳನ್ನು ಒತ್ತಾಯಿಸುತ್ತೇವೆ.