ಅರ್ಧ ಕಟ್ಟಿದ ವಿಮಾನ ಮಾರಾಟಕ್ಕಿದೆ

ಮೂಡಿಗೆರೆ, ಕಳಸದ ಕಡೆ ಹಳೆ ಜೀಪು ಕೊಳ್ಳುವವರನ್ನು ನೋಡಿದ್ದೀರಾ? ಬಾನೆಟ್ ಎತ್ತಿ, ಅಡಿಗೆ ಬಗ್ಗಿ, ತೋಟದ ಏರಿನಲ್ಲಿ ಒಮ್ಮೆ ಓಡಿಸಿ ನೋಡಿದ ಮೇಲೆಯೇ ಮುಂಗಡ ಕೊಡುತ್ತಾರೆ. ಅರ್ಧಕ್ಕೆ ನಿಂತ ಮನೆ ಕೊಳ್ಳುವಾಗ ಮಾತ್ರ ಈ ಜಾಣತನ ಸಾಲದು. ಗಿಲಾವು ಮಾಡಿದ ಕಂಬದೊಳಗೆ ಎಷ್ಟು ಕಂಬಿ ಇದೆಯೆಂದು ತಿಳಿಯುವುದು ಹೇಗೆ? ಅರ್ಧ ಕಟ್ಟಿದ ವಿಮಾನ ಕೊಳ್ಳುವವರದ್ದೂ ಇದೇ ಫಜೀತಿ.

ಮನೆಯಲ್ಲಿ ವಿಮಾನ ಕಟ್ಟುತ್ತಾರೆಯೇ ಎಂದು ಹುಬ್ಬೇರಿಸಬೇಡಿ. ಅಮೆರಿಕದಲ್ಲಿ ನಕ್ಷೆ ತರಿಸಿ ಶೆಡ್ಡಿನಲ್ಲಿ ವಿಮಾನ ಕಟ್ಟುವ ಹವ್ಯಾಸಿಗಳು ಸಾವಿರಾರು. ಅರ್ಧಕ್ಕಿಂತ ಹೆಚ್ಚು ಕೆಲಸ ಹವ್ಯಾಸಿಗಳದ್ದೇ ಆಗಿರಬೇಕೆಂಬುದು ಅಲ್ಲಿನ ನಿಯಮ. ಬರ್ಟ್ ರುಟಾನ್ ರೂಪಿಸಿದ ‘ಲಾಂಗ್-ಇಝಿ’ ಇಂಥ ವಿಮಾನಗಳಲ್ಲಿ ಬಲು ಹೆಸರಾದದ್ದು. ಮೂಗಿನ ಬಳಿ ಪುಟ್ಟ ರೆಕ್ಕೆ, ಎಂಜಿನ್ ಬೆನ್ನಿಗೆ! ಬೆಂಗಳೂರಿನ ಎನ್‌ಎಎಲ್ ಇದೇ ವಿನ್ಯಾಸವನ್ನು ಆಧರಿಸಿ ಕಟ್ಟಿದ ಸಂಶೋಧನಾ ವಿಮಾನ 1987ರಲ್ಲಿ ಹಾರಿತು. ಆಮೇಲೆ ಅಲ್ಲಿಯೇ ಹುಟ್ಟಿದ ‘ಹಂಸ’ ತರಬೇತಿ ವಿಮಾನದ ಮೈಯೂ ಕಾಂಪೊಸಿಟ್‌ನದೇ.

ಇದನ್ನು ಕಟ್ಟಲು ವರ್ಷಗಳು ಬೇಕು. ಹಲವರ ಉತ್ಸಾಹ, ಇಲ್ಲವೇ ಹಣ, ರೆಕ್ಕೆ ಮುಗಿಯುವಷ್ಟರಲ್ಲಿ ತಾನೂ ಮುಗಿಯುತ್ತದೆ. ಆಗ ‘ಮಾರಾಟಕ್ಕಿದೆ’ ಎಂಬ ಜಾಹೀರಾತು ಬರುತ್ತದೆ.

ಲಾಂಗ್-ಇಝಿಯ ರೆಕ್ಕೆಯ ಒಳಗಿರುವುದು ಹಗುರ ಫೋಮ್. ಅದರ ಮೇಲೆ ಗಾಜಿನ ನಾರಿನ ಬಟ್ಟೆ ಹಾಸಿ ಎಪಾಕ್ಸಿ ಅಂಟು ಕುಡಿಸುತ್ತಾರೆ. ಬಟ್ಟೆಗೂ ಫೋಮಿಗೂ ನಡುವೆ ಗಾಳಿಗುಳ್ಳೆ ಉಳಿದರೆ ಅಲ್ಲಿ ಬಲವಿಲ್ಲ. ಬಣ್ಣ ಬಳಿದ ಮೇಲೆ ಅದು ಕಣ್ಣಿಗೆ ಕಾಣುವುದೂ ಇಲ್ಲ. ಹಲಸಿನಹಣ್ಣನ್ನು ತಟ್ಟಿ ನೋಡುವ ಮಲೆನಾಡಿನವರಿಗೆ ಇದರ ಉಪಾಯ ಹೇಳಿಕೊಡಬೇಕಿಲ್ಲ. ನಾಣ್ಯದಿಂದ ಮೆಲ್ಲಗೆ ತಟ್ಟುತ್ತಾ ಹೋದರೆ ಅಂಟಿದ ಕಡೆ ಟಣ್ಣನೆಯ ಸದ್ದು, ಬಿಟ್ಟ ಕಡೆ ಬೊದ್ದು ಸದ್ದು.

ಆದರೆ ಅಂಟನ್ನು ಸರಿಯಾದ ಪ್ರಮಾಣದಲ್ಲಿ ಬೆರೆಸಿದ್ದರೋ ಇಲ್ಲವೋ, ಅದನ್ನು ನಾಣ್ಯ ಹೇಳದು. ಎಪಾಕ್ಸಿಯ ಎರಡು ದ್ರವಗಳ ಅಣುಗಳು ಒಂದಕ್ಕೊಂದು ಕೈ ಹಿಡಿದು ಬಲೆಯಾದರೆ ಮಾತ್ರ ಗಟ್ಟಿ. ಒಂದು ಕಡಿಮೆಯಾದರೆ ಇನ್ನೊಂದಕ್ಕೆ ಜೊತೆ ಸಿಗದು. ಅಂಟು ಎಂದೂ ಪೂರ್ತಿ ಗಟ್ಟಿಯಾಗದು. ಚಳಿ ಮತ್ತು ತೇವದಲ್ಲಿ ಗಟ್ಟಿಯಾಗುವುದೂ ನಿಧಾನ, ಮೇಲೆ ಜಿಗುಟು ಪೊರೆ ಬೇರೆ. ಕಳಸದ ಜುಲೈ ಮಳೆಯಲ್ಲಿ ಯಾರಾದರೂ ಈ ಕೆಲಸಕ್ಕೆ ಕೈಹಾಕಿದರೆ ಅವರ ಧೈರ್ಯವನ್ನು ಮೆಚ್ಚಬೇಕಷ್ಟೆ!

ಆದ್ದರಿಂದ ರೆಕ್ಕೆಗಿಂತ ಮೊದಲು ಕೇಳಬೇಕಾದದ್ದು ಕಟ್ಟಿದವನ ದಿನಚರಿ ಪುಸ್ತಕ: ಯಾವ ದಿನ, ಎಷ್ಟು ಉಷ್ಣತೆಯಲ್ಲಿ, ಎಷ್ಟು ತೂಕ ಬೆರೆಸಿದ, ಮುಚ್ಚುವ ಮುನ್ನ ಒಳಗಿನ ಫೋಟೋ. ಪರೀಕ್ಷೆಯಲ್ಲಿ ಉತ್ತರ ಸರಿಯಿದ್ದರೂ ಹಂತ ಬರೆಯದಿದ್ದರೆ ಮೇಷ್ಟ್ರು ಅಂಕ ಕಡಿಯುವುದಿಲ್ಲವೇ? ಪುಸ್ತಕವಿಲ್ಲದ ರೆಕ್ಕೆಗೆ ಬೆಲೆ ಕಟ್ಟದೆ, ಎಂಜಿನ್ನು, ಉಪಕರಣಗಳಿಗಷ್ಟೇ ಹಣ ಕೊಡುವುದು ಲೇಸು.

ಕಟ್ಟಿದವನು ನಕ್ಷೆಯನ್ನು ಎಲ್ಲಿ ಮೀರಿದ್ದಾನೆ ಎಂಬುದನ್ನೂ ನೋಡಬೇಕು. ಹೆಸರಾಂತ ಗಾಯಕ ಜಾನ್ ಡೆನ್ವರ್ ಇನ್ನೊಬ್ಬರು ಕಟ್ಟಿ ಮುಗಿಸಿದ್ದ ಲಾಂಗ್-ಇಝಿ ಕೊಂಡಿದ್ದರು. ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಇಂಧನ ಬದಲಿಸುವ ಹಿಡಿ ನಕ್ಷೆಯಲ್ಲಿ ಪೈಲಟ್‌ನ ಕಾಲುಗಳ ನಡುವೆ ಇತ್ತು. ಕಟ್ಟಿದವರು ಅದನ್ನು ಎಡ ಭುಜದ ಹಿಂದಕ್ಕೆ ಸಾಗಿಸಿದ್ದರು. 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯದ ಮಾಂಟೆರೆ ಕೊಲ್ಲಿಯಲ್ಲಿ ವಿಮಾನ ಬಿದ್ದು ಡೆನ್ವರ್ ತೀರಿಕೊಂಡರು. ಹಿಡಿಗಾಗಿ ಹಿಂದಕ್ಕೆ ತಿರುಗಿದಾಗ ಅರಿವಿಲ್ಲದೆ ಬಲಗಾಲು ರಡ್ಡರ್ ಪೆಡಲ್ ಒತ್ತಿರಬೇಕೆಂದು ತನಿಖೆ ಹೇಳಿತು. ಹಾರುವ ಮೊದಲೇ ಹಿಡಿ ಕೈಗೆಟುಕದ್ದು ಅವರಿಗೆ ಗೊತ್ತಾಗಿತ್ತು. ಇಕ್ಕಳ ಸಿಕ್ಕಿಸಿ ಅದನ್ನು ಉದ್ದ ಮಾಡಲೂ ನೋಡಿದ್ದರು, ಆಗಲೂ ಎಟುಕಿರಲಿಲ್ಲ.